ಭೂಕಂಪಶಾಸ್ತ್ರಜ್ಞ ಓಲ್ಡ್‌ಹ್ಯಾಮ್

ಮನುಷ್ಯನು ನೆಚ್ಚಿ ನಿಲ್ಲುವ ವಸ್ತುಗಳಲ್ಲಿ ನೆಲಕ್ಕಿಂತ ದೃಢವಾದುದು ಬೇರೊಂದಿಲ್ಲ. ಆ ನೆಲವೇ ನಡುಗಿದರೆ ಅವನಿಗೆ ಆಸರೆಯೆಲ್ಲಿ? ಈ ಪ್ರಶ್ನೆಗೆ ಉತ್ತರವನ್ನರಸಿ ಭಾರತದಲ್ಲಿ ದುಡಿದ ವಿಜ್ಞಾನಿಗಳಲ್ಲಿ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಪ್ರಮುಖರು.

ಓಲ್ಡ್‌ಹ್ಯಾಮ್ ಅವರು 1858ರ ಜುಲೈ 31ರಂದು ಡಬ್ಲಿನ್ ನಗರದಲ್ಲಿ ಜನಿಸಿದರು. ತಂದೆ ಥಾಮಸ್ ಓಲ್ಡ್‌ಹ್ಯಾಮ್ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಕಟ್ಟಿ ಬೆಳೆಸಿದವರು. ಭಾರತದಲ್ಲಿ ಎಂದು, ಎಲ್ಲಿ ಭೂಮಿ ಕಂಪಿಸಿತೆಂಬುದರ ಪಟ್ಟಿಯನ್ನು ಸಿದ್ಧಪಡಿಸಿದ್ದ ಅವರು, ಅದು ಅಚ್ಚಾಗುವ ಮುನ್ನವೇ 1878ರಲ್ಲಿ ಕಾಲವಾದರು. ಮರುವರ್ಷ ಅದೇ ಇಲಾಖೆಯನ್ನು ಸೇರಿದ ಮಗ, ತಂದೆ ಬಿಟ್ಟುಹೋದ ಕಾರ್ಯವನ್ನು ಕೈಗೆತ್ತಿಕೊಂಡು 1883ರಲ್ಲಿ ಆ ಪಟ್ಟಿಯನ್ನು ಬೆಳಕಿಗೆ ತಂದರು. ಹಿಂದೆ ಕಂಪಿಸಿದ ನೆಲ ಮತ್ತೆ ಕಂಪಿಸಬಹುದು. ಆದುದರಿಂದ ಅಪಾಯದ ನಕ್ಷೆಗಳಿಗೆ ಇಂತಹ ಪಟ್ಟಿಗಳೇ ತಳಹದಿ.

1897ರ ಜೂನ್ 12ರ ಸಂಜೆ ಅಸ್ಸಾಮಿನಲ್ಲಿ ಘೋರವಾದ ಭೂಕಂಪವಾಯಿತು. ಶಿಲ್ಲಾಂಗಿನ ಕಲ್ಲಿನ ಕಟ್ಟಡಗಳು ಕ್ಷಣಮಾತ್ರದಲ್ಲಿ ನೆಲಸಮವಾದುವು. ಸುಮಾರು ಒಂದೂವರೆ ಸಾವಿರ ಜನ ಮಡಿದರು. ಓಲ್ಡ್‌ಹ್ಯಾಮ್ ಆ ಪ್ರದೇಶವನ್ನು ಸುತ್ತಿ, ಬಿರಿದ ನೆಲವನ್ನೂ ಉರುಳಿದ ಗೋಡೆಗಳನ್ನೂ ಪರೀಕ್ಷಿಸಿದರು. ನೆಲದಲ್ಲಿ ಹುದುಗಿದ್ದ ಕಲ್ಲುಗಳು ಮೇಲಕ್ಕೆ ಚಿಮ್ಮಿದ್ದುದನ್ನು ಕಂಡರು. ಕಂಪನದ ತೀವ್ರತೆ ಎಲ್ಲೆಲ್ಲಿ ಎಷ್ಟೆಂಬುದನ್ನು ನಕ್ಷೆಯಲ್ಲಿ ರೇಖೆಗಳಿಂದ ಗುರುತಿಸಿದರು. 1899ರಲ್ಲಿ ಪ್ರಕಟವಾದ ಅವರ ವರದಿ ಇಂದಿಗೂ ಮಾನ್ಯವಾಗಿದೆ. ಆ ದುರಂತದ ಬಳಿಕ ಅಸ್ಸಾಮಿನಲ್ಲಿ ಮರದ ಚೌಕಟ್ಟು, ಜೊಂಡಿನ ಗೋಡೆಗಳುಳ್ಳ ಹಗುರವಾದ ಮನೆಗಳು ಬಳಕೆಗೆ ಬಂದುವು.

ಭೂಕಂಪದಲ್ಲಿ ಮೂರು ಬಗೆಯ ಅಲೆಗಳು ಹೊರಡುವುದನ್ನು ಓಲ್ಡ್‌ಹ್ಯಾಮ್ 1900ರಲ್ಲಿ ತೋರಿಸಿಕೊಟ್ಟರು. ಅನಾರೋಗ್ಯದ ನಿಮಿತ್ತ 1903ರಲ್ಲಿ ನಿವೃತ್ತರಾದರೂ ಅವರ ಅಧ್ಯಯನ ನಿಲ್ಲಲಿಲ್ಲ. ಆ ಅಲೆಗಳ ಗತಿಯಿಂದಲೇ ಭೂಮಿಗೆ ಬೇರೆಯಾದ ಗರ್ಭವುಂಟೆಂಬುದನ್ನು 1906ರಲ್ಲಿ ಪ್ರತಿಪಾದಿಸಿದರು. 1936ರ ಜುಲೈ 15ರಂದು ಅವರು ನಿಧನರಾದರು.

ಅಷ್ಟರಲ್ಲಿ ಲೋಕವು ಎಚ್ಚೆತ್ತುಕೊಳ್ಳತೊಡಗಿತ್ತು. 1908ರ ಮೆಸ್ಸೀನಾ ಭೂಕಂಪದ ತರುವಾಯ ಇಟಲಿಯೂ, 1923ರ ಟೋಕಿಯೋ ದುರಂತದ ತರುವಾಯ ಜಪಾನೂ ಕಟ್ಟಡ ನಿಯಮಗಳನ್ನು ರೂಪಿಸಿದುವು. ನಮ್ಮಲ್ಲಿ ಎಸ್. ಎಲ್. ಕುಮಾರ್ ಎಂಬ ರೈಲ್ವೆ ಇಂಜಿನಿಯರು ಕ್ವೆಟ್ಟಾದಲ್ಲಿ ಕಂಪನವನ್ನು ತಾಳಬಲ್ಲ ವಸತಿಗೃಹಗಳನ್ನು ಕಟ್ಟಿಸಿದರು. 1935ರಲ್ಲಿ ಆ ನಗರ ಧ್ವಂಸವಾದಾಗ ಆ ಮನೆಗಳು ಉಳಿದುವು. ಸ್ವತಂತ್ರ ಭಾರತವು 1962ರಲ್ಲಿ ಭೂಕಂಪ ವಲಯಗಳ ನಕ್ಷೆಯೊಡನೆ ಕಟ್ಟಡಗಳಿಗೆ ಮಾನಕವನ್ನು ಪ್ರಕಟಿಸಿತು.

ಆದರೆ ನಕ್ಷೆ ಬರೆದಮಾತ್ರಕ್ಕೆ ನಿಶ್ಚಿಂತೆಯಿಲ್ಲ. ದಖ್ಖನ್ ಪೀಠಭೂಮಿಯು ಅಚಲವೆಂಬ ನಂಬಿಕೆಯಿತ್ತು. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ನೆಲ ನಡುಗಿ, ಕಲ್ಲುಮಣ್ಣಿನ ಭಾರವಾದ ಗೋಡೆಗಳ ಕೆಳಗೆ ಸಾವಿರಾರು ಮಂದಿ ಮಲಗಿದ್ದಂತೆಯೇ ಅಸುನೀಗಿದರು. ಅತ್ಯಲ್ಪ ಅಪಾಯದ ಮೊದಲನೆಯ ವಲಯದಲ್ಲಿದ್ದ ಊರದು! 2002ರ ನಕ್ಷೆಯಲ್ಲಿ ಆ ವಲಯವನ್ನೇ ತೆಗೆದುಹಾಕಲಾಯಿತು. ನಂಜನಗೂಡು ಸೀಮೆಯ ಬಿಳಿಗೆರೆಯಂತಹ ಶಾಂತವಾದ ಊರುಗಳೂ ಅದರಲ್ಲಿ ಎರಡನೆಯ ವಲಯಕ್ಕೆ ಸೇರಿದುವು.

ಕೊಲ್ಲುವುದು ಬಹುಮಟ್ಟಿಗೆ ಕಂಪನವಲ್ಲ, ಕುಸಿಯುವ ಮನೆ. ಭೂಕಂಪವನ್ನು ತಡೆಯುವ ಶಕ್ತಿ ಮಾನವನಿಗಿಲ್ಲ. ಭದ್ರವಾದ ಮನೆಯನ್ನು ಕಟ್ಟಿಕೊಳ್ಳುವ ವಿವೇಕವುಂಟು. ತಂದೆಯ ಪಟ್ಟಿಯನ್ನು ಮಗ ಮುಂದುವರಿಸಿದಂತೆ, ಆ ವಿವೇಕವನ್ನು ಮುಂದುವರಿಸುವುದು ಪ್ರತಿಯೊಂದು ತಲೆಮಾರಿನ ಕರ್ತವ್ಯವಾಗಿದೆ.