ಹೆಸರಿಲ್ಲದೆ ಮೊಳಗಿದ ಸಂಗೀತ: ಡೆಲಿಯಾ ಡರ್ಬಿಶೈರ್

1963ರ ನವೆಂಬರ್ 23ರಂದು ಬ್ರಿಟನ್ನಿನ ಬಿಬಿಸಿ ಟೆಲಿವಿಷನ್‌ನಲ್ಲಿ 'ಡಾಕ್ಟರ್ ಹೂ' ಧಾರಾವಾಹಿ ಆರಂಭವಾಯಿತು. ಅದರ ಶೀರ್ಷಿಕೆ ಸಂಗೀತ ಜಗತ್ತಿನಾದ್ಯಂತ ಹೆಸರಾಯಿತು. ಆದರೆ ಅದನ್ನು ತೆರೆಮರೆಯಲ್ಲೇ ಇದ್ದು ಮಾಡಿಕೊಟ್ಟ ಮಹಿಳೆಯ ಹೆಸರು ಧಾರಾವಾಹಿಯಲ್ಲಿ ಕಾಣಿಸಿಕೊಳ್ಳಲು 50 ವರ್ಷ ಬೇಕಾಯಿತು. ಅವರೇ ಎಲೆಕ್ಟ್ರಾನಿಕ್ ಸಂಗೀತಕ್ಕೆ ದಾರಿ ತೋರಿದ ಡೆಲಿಯಾ ಡರ್ಬಿಶೈರ್.

ಡೆಲಿಯಾ ಹುಟ್ಟಿದ್ದು 1937ರ ಮೇ 5ರಂದು, ಇಂಗ್ಲೆಂಡಿನ ಕವೆಂಟ್ರಿ ನಗರದ ಸಾಮಾನ್ಯ ದುಡಿಯುವ ಕುಟುಂಬದಲ್ಲಿ. 1940ರಲ್ಲಿ ಜರ್ಮನ್ ವಿಮಾನಗಳು ಆ ಊರಿನ ಮೇಲೆ ಬಾಂಬು ಸುರಿದಾಗ ಅವರಿಗೆ ಮೂರು ವರ್ಷ. ಆಗ ಕೇಳಿದ ಸೈರನ್ನಿನ ಏರಿಳಿತವೇ ತಮ್ಮ ಸಂಗೀತದ ಮೂಲವೆಂದು ಅವರು ಮುಂದೆ ಹೇಳಿಕೊಂಡರು. ಕೇಂಬ್ರಿಜ್‌ನ ಗಿರ್ಟನ್ ಕಾಲೇಜಿನಲ್ಲಿ ಗಣಿತ ಮತ್ತು ಸಂಗೀತ ಓದಿ 1959ರಲ್ಲಿ ಪದವಿ ಪಡೆದರು. ಡೆಕ್ಕಾ ಕಂಪನಿಯಲ್ಲಿ ಕೆಲಸ ಕೇಳಿದಾಗ, ಧ್ವನಿಮುದ್ರಣ ಸ್ಟುಡಿಯೋಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. 1960ರಲ್ಲಿ ಬಿಬಿಸಿ ಸೇರಿ, 1962ರಲ್ಲಿ ಅಲ್ಲಿನ ರೇಡಿಯೋಫೋನಿಕ್ ವರ್ಕ್‌ಶಾಪ್‌ಗೆ ಬಂದರು. ನಾಟಕ, ಸಾಕ್ಷ್ಯಚಿತ್ರಗಳಿಗೆ ಹೊಸ ಬಗೆಯ ಧ್ವನಿ ಒದಗಿಸುವ ವಿಭಾಗವದು.

ಆಗ ಸಿಂಥಸೈಜರ್ ಮಾರುಕಟ್ಟೆಗೆ ಬಂದಿರಲಿಲ್ಲ. ಟೇಪ್ ರೆಕಾರ್ಡರ್ ನಿಧಾನವಾಗಿ ಓಡಿದರೆ ಗಾಯಕನ ದನಿ ದಪ್ಪವಾಗುವುದನ್ನು, ಜೋರಾಗಿ ಓಡಿದರೆ ಕೀರಲಾಗುವುದನ್ನು ನಾವೆಲ್ಲ ಕೇಳಿದ್ದೇವೆ. ಡೆಲಿಯಾ ಅವರ ವಿದ್ಯೆಯ ತಳಹದಿ ಅದೇ. ಮೀಟಿದ ಒಂದು ತಂತಿಯ ನಾದ, ಯಂತ್ರ ಪರೀಕ್ಷಿಸುವ ಉಪಕರಣದ ದನಿ, ಇವನ್ನು ಟೇಪಿಗಿಳಿಸಿ, ವೇಗ ಬದಲಿಸಿ ಒಂದೊಂದು ಸ್ವರ ಮಾಡಿಕೊಳ್ಳುತ್ತಿದ್ದರು. ಸ್ವರದ ಅವಧಿಗೆ ತಕ್ಕಂತೆ ಟೇಪನ್ನು ಅಳೆದು, ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದರು. ಗಣಿತದ ಓದು ಇಲ್ಲಿ ಕೈಹಿಡಿಯಿತು.

'ಡಾಕ್ಟರ್ ಹೂ' ರಾಗವನ್ನು ಬರೆದವರು ರಾನ್ ಗ್ರೇನರ್. ಡಿಕ್ ಮಿಲ್ಸ್ ನೆರವಿನಿಂದ ಡೆಲಿಯಾ ಅದಕ್ಕೆ ಕೊಟ್ಟ ರೂಪ ಕೇಳಿ, ಇದು ತನ್ನದೇ ರಾಗವೇ ಎಂದು ಗ್ರೇನರ್ ಬೆರಗಾದರು. ಸಂಭಾವನೆಯಲ್ಲಿ ಅವರಿಗೂ ಪಾಲು ಸಲ್ಲಲಿ ಎಂದು ಬಯಸಿದರು. ಆದರೆ ವರ್ಕ್‌ಶಾಪಿನ ಸಿಬ್ಬಂದಿಗೆ ವೈಯಕ್ತಿಕ ಮನ್ನಣೆ ಕೊಡುವ ಪದ್ಧತಿ ಬಿಬಿಸಿಯಲ್ಲಿರಲಿಲ್ಲ. ತೆರೆಯ ಮೇಲೆ ಗ್ರೇನರ್ ಹೆಸರಿನ ಜೊತೆ ವಿಭಾಗದ ಹೆಸರು ಮಾತ್ರ ಬಂತು.

ಸಹಾರಾ ಮರುಭೂಮಿಯ ತುವಾರೆಗ್ ಜನರ ಕುರಿತ ಸಾಕ್ಷ್ಯಚಿತ್ರಕ್ಕೆ ಲೋಹದ ಲ್ಯಾಂಪ್ ಶೇಡ್ ಒಂದನ್ನು ಬಡಿದು, ಆ ನಾದದಿಂದಲೇ ಸಂಗೀತ ಹೆಣೆದರು. 1969ರಲ್ಲಿ ಗೆಳೆಯರೊಂದಿಗೆ 'ವೈಟ್ ನಾಯ್ಸ್' ತಂಡದ ಮೊದಲ ಆಲ್ಬಮ್ ಹೊರತಂದರು. 1973ರಲ್ಲಿ ಬಿಬಿಸಿ ಬಿಟ್ಟ ಮೇಲೆ ಸಂಗೀತದಿಂದ ಬಹುಕಾಲ ದೂರ ಉಳಿದರು. ಹೊಟ್ಟೆಪಾಡಿಗೆ ಗ್ಯಾಸ್ ಪೈಪ್‌ಲೈನ್ ಹಾಕುವಲ್ಲಿ ರೇಡಿಯೋ ಆಪರೇಟರ್ ಆಗಿಯೂ ದುಡಿದರು.

2001ರ ಜುಲೈ 3ರಂದು ಡೆಲಿಯಾ ತೀರಿಕೊಂಡರು. ಅವರ ಮನೆಯ ಅಟ್ಟದಲ್ಲಿ ಸಿಕ್ಕಿದ 267 ಟೇಪುಗಳು ಮುಂದೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿದವು. 2013ರಲ್ಲಿ 'ಡಾಕ್ಟರ್ ಹೂ' ಸುವರ್ಣ ವರ್ಷದ ವಿಶೇಷ ಕಂತಿನಲ್ಲಿ ಮೊದಲ ಬಾರಿಗೆ ಅವರ ಹೆಸರು ತೆರೆಯ ಮೇಲೆ ಬಂತು. 2017ರಲ್ಲಿ ಹುಟ್ಟೂರಿನ ಕವೆಂಟ್ರಿ ವಿಶ್ವವಿದ್ಯಾಲಯ ಮರಣೋತ್ತರ ಗೌರವ ಡಾಕ್ಟರೇಟ್ ನೀಡಿತು. ಸಲ್ಲಬೇಕಾದ ಗೌರವವೇನೋ ಸಂದಿತು. ಸ್ವೀಕರಿಸಲು ಅವರೇ ಇರಲಿಲ್ಲ.