ಅಮ್ಮಿಯ ರಿಪೋರ್ಟು ಮತ್ತು ಆಲ್ಬರ್ಟ್ ಕೂನ್ಸ್

ನಾನು ಕಾಮರ್ಸ್ ವಿದ್ಯಾರ್ಥಿ. ವಿಜ್ಞಾನ ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಆದರೂ ಒಬ್ಬ ವಿಜ್ಞಾನಿಯ ಬಗ್ಗೆ ಬರೆಯಲು ಕಾರಣವಿದೆ.

ಹೋದ ವರ್ಷ ನಮ್ಮ ಅಮ್ಮಿಯ ಬೆರಳಿನ ಗಂಟುಗಳು ಊದಿಕೊಂಡವು. ಬೆಳಿಗ್ಗೆ ಹಿಟ್ಟು ನಾದಲೂ ಆಗುತ್ತಿರಲಿಲ್ಲ. ಡಾಕ್ಟರು ಎಎನ್‌ಎ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ರಿಪೋರ್ಟಿನಲ್ಲಿ ಇಮ್ಯುನೊಫ್ಲೋರೆಸೆನ್ಸ್ ಎಂಬ ಪದವಿತ್ತು. ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ. ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕರನ್ನು ಕೇಳಿದಾಗ ಈ ವಿಧಾನ ಕಂಡುಹಿಡಿದವರ ಹೆಸರು ಸಿಕ್ಕಿತು.

ಆಲ್ಬರ್ಟ್ ಕೂನ್ಸ್ 1912ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಗ್ಲೋವರ್ಸ್‌ವಿಲ್‌ನಲ್ಲಿ ಹುಟ್ಟಿದರು. ಹಾರ್ವರ್ಡ್‌ನಲ್ಲಿ ವೈದ್ಯರಾದರು. 1939ರಲ್ಲಿ ಬರ್ಲಿನ್‌ನಲ್ಲಿದ್ದಾಗ ರುಮ್ಯಾಟಿಕ್ ಜ್ವರದ ಬಗ್ಗೆ ಯೋಚಿಸುತ್ತಿದ್ದರು. ಪ್ರತಿಕಾಯಗಳು ದೇಹದಲ್ಲಿ ರೋಗಾಣುವನ್ನು ಹುಡುಕಿ ಅಂಟಿಕೊಳ್ಳುತ್ತವೆ. ಅವಕ್ಕೆ ಹೊಳೆಯುವ ಬಣ್ಣ ಹಚ್ಚಿದರೆ ರೋಗಾಣು ಅಡಗಿರುವ ಜಾಗ ಕಣ್ಣಿಗೆ ಕಾಣುತ್ತದಲ್ಲವೇ ಎಂದು ಅವರಿಗೆ ಹೊಳೆಯಿತು.

ಹಾರ್ವರ್ಡ್‌ಗೆ ಮರಳಿ ರಸಾಯನಶಾಸ್ತ್ರಜ್ಞರ ಜೊತೆ ಸೇರಿ 1941ರಲ್ಲಿ ಅದನ್ನು ಮಾಡಿ ತೋರಿಸಿದರು. ಆದರೆ ಆ ಬಣ್ಣ ನೀಲಿಯಾಗಿ ಹೊಳೆಯುತ್ತಿತ್ತು. ನೇರಳಾತೀತ ಬೆಳಕಿನಲ್ಲಿ ದೇಹದ ಅಂಗಾಂಶವೂ ನೀಲಿಯಾಗಿಯೇ ಹೊಳೆಯುತ್ತದೆ! ಆಗ ಫ್ಲೋರೆಸೀನ್ ಎಂಬ ಹಸಿರು ಹೊಳಪಿನ ಬಣ್ಣಕ್ಕೆ ಬದಲಾಯಿಸಿದರು. 1942ರಲ್ಲಿ ಇಲಿಗಳ ಅಂಗಾಂಶದಲ್ಲಿ ನ್ಯುಮೋನಿಯಾ ಬ್ಯಾಕ್ಟೀರಿಯಾದ ಗುರುತು ಹಸಿರಾಗಿ ಕಂಡಿತು. ಅಷ್ಟರಲ್ಲಿ ಮಹಾಯುದ್ಧ. ಕೂನ್ಸ್ ಸೇನೆಗೆ ಹೋದರು. ಯುದ್ಧ ಮುಗಿದ ಮೇಲೆ ಕೆಲಸ ಮುಂದುವರಿಸಿದರು.

1954ರಲ್ಲಿ ಥಾಮಸ್ ವೆಲ್ಲರ್ ಜೊತೆ ಮಾಡಿದ ಕೆಲಸ ನನಗೆ ಹೆಚ್ಚು ಇಷ್ಟ. ರೋಗಿಯ ಪ್ರತಿಕಾಯಕ್ಕೆ ಬಣ್ಣ ಹಚ್ಚದೆ ಹಾಗೆಯೇ ವೈರಸ್ ಇರುವ ಜೀವಕೋಶಗಳ ಮೇಲೆ ಹಾಕಿದರು. ತೊಳೆದ ಮೇಲೆ, ಮನುಷ್ಯರ ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಬಣ್ಣದ ಪ್ರತಿಕಾಯ ಹಾಕಿದರು. ಚಿಕನ್‌ಪಾಕ್ಸ್ ಮತ್ತು ಸರ್ಪಸುತ್ತಿಗೆ ಒಂದೇ ವೈರಸ್ ಕಾರಣ ಎನ್ನುವುದಕ್ಕೆ ಇದರಿಂದ ಬಲ ಬಂತು. ಕಾಮರ್ಸ್‌ನವರ ಲೆಕ್ಕದಲ್ಲಿ ಇದು ದೊಡ್ಡ ಉಳಿತಾಯ. ಒಂದೊಂದು ರೋಗಕ್ಕೂ ಬೇರೆ ಬೇರೆ ಬಣ್ಣದ ಪ್ರತಿಕಾಯ ತಯಾರಿಸಬೇಕಿಲ್ಲ, ಎರಡನೆಯದು ಒಂದಿದ್ದರೆ ಎಲ್ಲಕ್ಕೂ ಸಾಕು. ಮೊದಲನೆಯದರ ಮೇಲೆ ಎರಡನೆಯವು ಹಲವು ಕೂರುವುದರಿಂದ ಬೆಳಕೂ ಹೆಚ್ಚು.

ಅಮ್ಮಿಯ ಪರೀಕ್ಷೆಯೂ ಇದೇ ಕ್ರಮದ್ದು. ಗಾಜಿನ ಮೇಲಿನ ಜೀವಕೋಶಗಳಿಗೆ ಅಮ್ಮಿಯ ರಕ್ತದ ಸೀರಂ, ನಂತರ ಬಣ್ಣದ ಎರಡನೇ ಪ್ರತಿಕಾಯ. ಜೀವಕೋಶದ ಕೇಂದ್ರ ಹಸಿರಾಗಿ ಹೊಳೆದರೆ ಪಾಸಿಟಿವ್. ಪಾಸಿಟಿವ್ ಬಂದ ಮಾತ್ರಕ್ಕೆ ರೋಗವಿದೆ ಎಂದಲ್ಲ, ಉಳಿದ ಲಕ್ಷಣಗಳನ್ನೂ ನೋಡಿ ಡಾಕ್ಟರೇ ಹೇಳಬೇಕು.

ಕೂನ್ಸ್‌ಗೆ 1959ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. 1978ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. ಅವರು ಹುಡುಕಲು ಹೊರಟ ಜ್ವರದ ಗುಟ್ಟು ಸಿಕ್ಕಿತೇ ಎಂದು ಅಮ್ಮಿ ಕೇಳಿದರು. ಪೂರ್ತಿ ಸಿಗಲಿಲ್ಲ ಎಂದೆ. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, ರಿಪೋರ್ಟನ್ನು ಮಡಿಸಿ ಜೋಪಾನವಾಗಿ ಕಪಾಟಿನಲ್ಲಿಟ್ಟರು. ಚಿಕಿತ್ಸೆ ನಡೆಯುತ್ತಿದೆ.