ಪ್ಲಾಸ್ಮಾಗೆ ಹೆಸರಿಟ್ಟವರು, ಭ್ರಮೆಗೂ ಹೆಸರಿಟ್ಟವರು: ಇರ್ವಿಂಗ್ ಲ್ಯಾಂಗ್‌ಮ್ಯೂರ್

ಕೋವಿಡ್ ಕಾಲ ನೆನಪಿದೆಯಲ್ಲ? ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆದು, ಕೊರಿಯರ್ ಡಬ್ಬವನ್ನು ಎರಡು ದಿನ ಬಾಗಿಲಾಚೆ ಬಿಟ್ಟಿದ್ದ ದಿನಗಳು. 2020ರ ನವೆಂಬರಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಒಂದು ಸುದ್ದಿ ಬಂತು. ಪ್ಲಾಸ್ಟಿಕ್, ಲೋಹ, ರಟ್ಟು, ಚರ್ಮದ ಮೇಲೆ ಕೊರೊನಾ ವೈರಸ್ ಹಚ್ಚಿ, ಆರ್ಗಾನ್ ಅನಿಲದಿಂದ ಮಾಡಿದ ‘ತಣ್ಣನೆಯ ಪ್ಲಾಸ್ಮಾ’ ಹಾಯಿಸಿದರೆ ಮೂರು ನಿಮಿಷದೊಳಗೆ ವೈರಸ್ ನಿಷ್ಕ್ರಿಯವಾಗುತ್ತದೆ ಅಂತ.

ಈ ‘ಪ್ಲಾಸ್ಮಾ’ ಎಂಬ ಹೆಸರು ಇಟ್ಟವರು ಇರ್ವಿಂಗ್ ಲ್ಯಾಂಗ್‌ಮ್ಯೂರ್. ಅವರ ಬದುಕನ್ನು ಇವತ್ತು ನೆನೆಯಲು ಇನ್ನೂ ಒಂದು ಕಾರಣವಿದೆ, ಅದಕ್ಕೆ ಆಮೇಲೆ ಬರೋಣ.

1881ರ ಜನವರಿ 31ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಹುಡುಗನಿಗೆ ಕಣ್ಣು ಮಂಜು. ಮನೆಯವರಿಗೇ ಅದು ಬಹಳ ದಿನ ಗೊತ್ತಾಗಲಿಲ್ಲ. ಹನ್ನೊಂದರ ವಯಸ್ಸಿನ ಹೊತ್ತಿಗೆ ಕನ್ನಡಕ ಬಂದ ಮೇಲೆ ದೂರದ ಮರಕ್ಕೂ ಬಿಡಿಬಿಡಿ ಎಲೆಗಳಿವೆ ಅನ್ನುವುದು ಕಂಡಿತು. ನೋಡಿದ್ದನ್ನೆಲ್ಲ ಬರೆದಿಡು ಅಂತ ತಂದೆತಾಯಿ ಅಭ್ಯಾಸ ಮಾಡಿಸಿದ್ದರು. ಆ ಅಭ್ಯಾಸ ಕೊನೆವರೆಗೂ ಬಿಡಲಿಲ್ಲ.

1903ರಲ್ಲಿ ಕೊಲಂಬಿಯಾದಲ್ಲಿ ಲೋಹಶಾಸ್ತ್ರದ ಎಂಜಿನಿಯರಿಂಗ್ ಪದವಿ, 1906ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ನರ್ನ್‌ಸ್ಟ್ ಕೈಕೆಳಗೆ ಡಾಕ್ಟರೇಟ್. ವಾಪಸು ಬಂದು ನ್ಯೂಜೆರ್ಸಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ. ಅದರಲ್ಲಿ ಸಂಶೋಧನೆಗೆ ಪುರುಸೊತ್ತೇ ಇಲ್ಲ. 1909ರ ಬೇಸಿಗೆ ರಜೆಯಲ್ಲಿ ಸ್ಕೆನೆಕ್ಟಡಿ ಊರಿನ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯಕ್ಕೆ ಹೋದವರು ಅಲ್ಲೇ ಉಳಿದುಬಿಟ್ಟರು. ನಿವೃತ್ತಿಯಾಗಿದ್ದು 1950ರಲ್ಲಿ.

ಆಗ ಕಂಪನಿಗೆ ಒಂದು ತಲೆನೋವಿತ್ತು. ಬಲ್ಬಿನ ಗಾಜು ಒಳಗಡೆ ಕಪ್ಪಾಗುತ್ತಿತ್ತು. ಒಳಗೆ ಗಾಳಿ ಉಳಿದಿದೆ, ಇನ್ನೂ ಚೆನ್ನಾಗಿ ನಿರ್ವಾತ ಮಾಡಿದರೆ ಸರಿಹೋಗುತ್ತೆ ಅನ್ನುವುದು ಎಲ್ಲರ ನಂಬಿಕೆ. ಲ್ಯಾಂಗ್‌ಮ್ಯೂರ್ ಉಲ್ಟಾ ಯೋಚಿಸಿದರು. ಬೇರೆ ಬೇರೆ ಅನಿಲವನ್ನು ಬೇಕಂತಲೇ ತುಂಬಿ ಏನಾಗುತ್ತೆ ಅಂತ ನೋಡುತ್ತಾ ಹೋದರು. ಟಂಗ್‌ಸ್ಟನ್ ತಂತಿಯೇ ಆವಿಯಾಗಿ ಗಾಜಿಗೆ ಅಂಟುತ್ತಿದೆ, ಅದನ್ನು ತಡೆಯಲು ಒಳಗೆ ಜಡ ಅನಿಲ ಬೇಕು, ತಂತಿಯನ್ನು ಸುರುಳಿ ಸುತ್ತಬೇಕು ಅನ್ನುವುದು ಖಚಿತವಾಯಿತು. ನಮ್ಮ ಅಜ್ಜಂದಿರ ಕಾಲದಿಂದ ಮನೆಮನೆಯಲ್ಲಿ ಉರಿದ ಬಲ್ಬು ಇದೇ.

ಬಲ್ಬಿನಿಂದ ಶುರುವಾದ ಕುತೂಹಲ ಅನಿಲದೊಳಗೆ ವಿದ್ಯುತ್ ಹರಿಯುವ ಕಡೆಗೆ ತಿರುಗಿತು. ಅನಿಲಕ್ಕೆ ಸಾಕಷ್ಟು ವೋಲ್ಟೇಜ್ ಕೊಟ್ಟರೆ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದು, ಎಲೆಕ್ಟ್ರಾನು, ಅಯಾನು, ಬಿಡಿ ಅಣು ಎಲ್ಲ ಕಲಸಿದ ಒಂದು ಹೊಳೆಯುವ ಮಿಶ್ರಣವಾಗುತ್ತದೆ. 1928ರಲ್ಲಿ ಲ್ಯಾಂಗ್‌ಮ್ಯೂರ್ ಅದನ್ನು ಪ್ಲಾಸ್ಮಾ ಎಂದು ಕರೆದರು. ರಕ್ತದ ಪ್ಲಾಸ್ಮಾ ಕೆಂಪು ಕಣ, ಬಿಳಿ ಕಣ, ರೋಗಾಣುಗಳನ್ನು ಹೊತ್ತು ಸಾಗುವ ಹಾಗೆ ಇದೂ ಎಲೆಕ್ಟ್ರಾನು, ಅಯಾನುಗಳನ್ನು ಹೊತ್ತು ಸಾಗುತ್ತದೆ ಅನ್ನುವ ಹೋಲಿಕೆಯಿಂದ ಈ ಹೆಸರು ಹುಟ್ಟಿತೆಂದು ಅವರ ಸಹೋದ್ಯೋಗಿ ಮಾಟ್-ಸ್ಮಿತ್ ಮುಂದೆ ನೆನಪಿಸಿಕೊಂಡಿದ್ದಾರೆ.

ಅದರೊಳಗೆ ಒಂದು ಸಣ್ಣ ತಂತಿ ಇಳಿಬಿಟ್ಟು ಎಲೆಕ್ಟ್ರಾನುಗಳ ತಾಪ ಅಳೆಯುವ ವಿಧಾನವನ್ನೂ ಅವರು ರೂಪಿಸಿದರು. ಅಂಥ ಅಳತೆಗಳಿಂದ ತಿಳಿದದ್ದು ಇದು: ಎಲೆಕ್ಟ್ರಾನುಗಳು ಸಾವಿರಾರು ಡಿಗ್ರಿಯಷ್ಟು ಬಿಸಿಯಿದ್ದರೂ, ಅವುಗಳಿಗಿಂತ ಸಾವಿರಾರು ಪಟ್ಟು ಭಾರವಾದ ಅಣುಗಳು ಕೋಣೆಯ ಉಷ್ಣತೆಯ ಆಸುಪಾಸಿನಲ್ಲೇ ಇರಬಲ್ಲವು. ಉರಿಯುವ ಟ್ಯೂಬ್‌ಲೈಟನ್ನು ಮುಟ್ಟಿದರೆ ಕೈ ಸುಡುವುದಿಲ್ಲವಲ್ಲ, ಅದಕ್ಕೇ. ಇದೇ ತಣ್ಣನೆಯ ಪ್ಲಾಸ್ಮಾ. ಅದರ ಬಿಸಿ ಎಲೆಕ್ಟ್ರಾನುಗಳು ಗಾಳಿಯ ಆಮ್ಲಜನಕ, ಸಾರಜನಕವನ್ನು ಒಡೆದು ಓಝೋನ್, ಬಿಡಿ ಆಮ್ಲಜನಕ, ನೈಟ್ರಿಕ್ ಆಕ್ಸೈಡ್‌ನಂಥ ಚುರುಕು ಕಣಗಳನ್ನು ಮಾಡುತ್ತವೆ. ಅವು ವೈರಸ್ಸಿನ ಕೊಬ್ಬಿನ ಹೊದಿಕೆ, ಪ್ರೋಟೀನ್ ಕವಚಗಳನ್ನು ಉತ್ಕರ್ಷಿಸಿ ಹಾಳುಗೆಡವುತ್ತವೆ, ಒಳಗಿನ ವಂಶವಾಹಿ ಎಳೆಗೂ ಪೆಟ್ಟು ಕೊಡುತ್ತವೆ. ರಟ್ಟು ಸುಡುವುದಿಲ್ಲ, ಪ್ಲಾಸ್ಟಿಕ್ ಕರಗುವುದಿಲ್ಲ. ಜರ್ಮನಿಯಲ್ಲಿ ಬೇಗ ವಾಸಿಯಾಗದ ಗಾಯಗಳಿಗೂ ಇದನ್ನು ಬಳಸುತ್ತಿದ್ದಾರೆ.

1932ರಲ್ಲಿ ಲ್ಯಾಂಗ್‌ಮ್ಯೂರ್‌ಗೆ ರಸಾಯನಶಾಸ್ತ್ರದ ನೊಬೆಲ್ ಬಂತು, ಅದು ಮೇಲ್ಮೈ ರಸಾಯನದ ಕೆಲಸಕ್ಕೆ. ಎರಡನೇ ಮಹಾಯುದ್ಧದಲ್ಲಿ ಹೊಗೆಪರದೆ ಮತ್ತು ಗಾಳಿ ಸೋಸುವ ಫಿಲ್ಟರುಗಳ ಕೆಲಸ ಬಂತು. ಹೆಚ್ಚುಕಮ್ಮಿ 0.3 ಮೈಕ್ರಾನ್ ಗಾತ್ರದ ಕಣವನ್ನು ಹಿಡಿಯುವುದೇ ಫಿಲ್ಟರಿಗೆ ಅತಿ ಕಷ್ಟ ಅನ್ನುವುದು ಅವರ ಲೆಕ್ಕಾಚಾರ. ಎನ್-95 ಮಾಸ್ಕಿನ ಪರೀಕ್ಷೆಯಲ್ಲಿ ಇವತ್ತಿಗೂ ಕೇಳಿಬರುವ ಅಂಕಿ ಅದೇ.

ಇನ್ನು ಅವರು ಎಡವಿದ ಕಥೆ. 1946ರಲ್ಲಿ ಅವರ ಸಹಾಯಕ ವಿನ್ಸೆಂಟ್ ಶೆಫರ್ ಒಣ ಮಂಜುಗಡ್ಡೆಯಿಂದ ಮೋಡದಲ್ಲಿ ಹಿಮಕಣ ಮೂಡಿಸಬಹುದೆಂದು ತೋರಿಸಿದರು. ಅದೇ ಪ್ರಯೋಗಾಲಯದ ಬರ್ನಾರ್ಡ್ ವಾನೆಗಟ್ ಸಿಲ್ವರ್ ಅಯೋಡೈಡ್ ಕಂಡುಹಿಡಿದರು. ಮೋಡ ಬಿತ್ತನೆ ಹುಟ್ಟಿತು. 2017ರಲ್ಲಿ ನಮ್ಮ ರಾಜ್ಯ ಸರ್ಕಾರ ‘ವರ್ಷಧಾರೆ’ ಹೆಸರಿನಲ್ಲಿ ವಿಮಾನ ಹಾರಿಸಿದ್ದು ಇದೇ ದಾರಿಯಲ್ಲಿ.

ಆಗ ಅರವತ್ತೈದು ದಾಟಿದ್ದ ಲ್ಯಾಂಗ್‌ಮ್ಯೂರ್‌ಗೆ ಇದು ಹುಚ್ಚಿನಂತೆ ಹಿಡಿಯಿತು. 1947ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್‌ನ ಚಂಡಮಾರುತವೊಂದಕ್ಕೆ ಒಣ ಮಂಜುಗಡ್ಡೆ ಸುರಿದರು; ಅದು ದಿಕ್ಕು ಬದಲಿಸಿ ಜಾರ್ಜಿಯಾದ ಸವಾನ್ನಾ ಕರಾವಳಿಗೆ ಅಪ್ಪಳಿಸಿತು. ದಿಕ್ಕು ಬದಲಿಸಿದ್ದು ನಮ್ಮ ಬಿತ್ತನೆಯೇ ಎಂದು ಅವರು ನಂಬಿದರು. ಬಿತ್ತನೆಗೆ ಮುಂಚೆಯೇ ಅದು ತಿರುಗಲು ಶುರುಮಾಡಿತ್ತು, 1906ರಲ್ಲೂ ಒಂದು ಚಂಡಮಾರುತ ಹೀಗೇ ಹೋಗಿತ್ತು ಎಂದು ಆಮೇಲೆ ಬೇರೆಯವರು ತೋರಿಸಿದರು. ನ್ಯೂಮೆಕ್ಸಿಕೋದಲ್ಲಿ ವಾರಕ್ಕೊಮ್ಮೆ ಬಿತ್ತನೆ ಮಾಡಿ, ದೂರದ ಓಹಾಯೋ ಕಣಿವೆಯಲ್ಲಿ ಅದೇ ಏಳು ದಿನದ ಲಯದಲ್ಲಿ ಮಳೆ ಬರುತ್ತಿದೆ ಎಂದರು. ಹವಾಮಾನ ಇಲಾಖೆ ಒಪ್ಪಲಿಲ್ಲ. ಅವರು ಪಟ್ಟು ಬಿಡಲಿಲ್ಲ.

ತಮಾಷೆಯೆಂದರೆ, ಇದೇ ಲ್ಯಾಂಗ್‌ಮ್ಯೂರ್ 1953ರ ಡಿಸೆಂಬರಿನಲ್ಲಿ ‘ರೋಗಗ್ರಸ್ತ ವಿಜ್ಞಾನ’ ಎಂಬ ವಿಷಯದ ಮೇಲೆ ಒಂದು ಭಾಷಣ ಮಾಡಿದರು. ಪ್ರಾಮಾಣಿಕ ವಿಜ್ಞಾನಿಗಳೇ ಇಲ್ಲದ್ದನ್ನು ಇದೆ ಅಂತ ನಂಬಿ ಮೋಸಹೋಗುವ ಬಗೆಯನ್ನು ಬಿಡಿಸಿಟ್ಟರು. ಪರಿಣಾಮ ಕಂಡೂ ಕಾಣದಷ್ಟು ಸಣ್ಣದು, ಕಾರಣವನ್ನು ಹೆಚ್ಚುಕಮ್ಮಿ ಮಾಡಿದರೂ ಪರಿಣಾಮ ಬದಲಾಗದು, ಅಳತೆ ಭಾರಿ ನಿಖರ ಎಂಬ ಹೇಳಿಕೆ, ಯಾರು ಪ್ರಶ್ನಿಸಿದರೂ ಆ ಕ್ಷಣಕ್ಕೆ ಹೊಸೆದ ಒಂದು ಸಬೂಬು: ಇವು ಅವರು ಕೊಟ್ಟ ಕೆಲವು ಗುರುತುಗಳು. ತಮ್ಮ ಮಳೆ ಲೆಕ್ಕಕ್ಕೆ ಇದೇ ಒರೆಗಲ್ಲನ್ನು ಅವರು ಹಚ್ಚಿ ನೋಡಲಿಲ್ಲ. 1957ರ ಆಗಸ್ಟ್ 16ರಂದು ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್‌ನಲ್ಲಿ ತೀರಿಕೊಳ್ಳುವವರೆಗೂ ಆ ನಂಬಿಕೆ ಸಡಿಲವಾಗಲಿಲ್ಲ.

ಮೊದಲು ಹೇಳಿದ ಇನ್ನೊಂದು ಕಾರಣ ಇದೇ. ಕೋವಿಡ್ ಹೊತ್ತಿನಲ್ಲಿ ‘ಅಯಾನು’, ‘ಪ್ಲಾಸ್ಮಾ’ ಅನ್ನುವ ಪದ ಅಂಟಿಸಿಕೊಂಡ ಎಷ್ಟೋ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ಗೋಡೆಗೆ ಸಿಕ್ಕಿಸಿದರೆ ಸಾಕು, ವೈರಸ್ ಸತ್ತೇಹೋಗುತ್ತೆ ಅಂತ ಪ್ರಚಾರ. ಲ್ಯಾಬಿನಲ್ಲಿ ಪ್ಲಾಸ್ಮಾದ ಜ್ವಾಲೆಯನ್ನು ಹತ್ತಿರದಿಂದ ರಟ್ಟಿನ ತುಂಡಿಗೆ ಹಿಡಿಯುವುದೇ ಬೇರೆ, ಜನ ಓಡಾಡುವ ಹಾಲಿನ ಗಾಳಿಯಲ್ಲಿ ಅದೇ ಕೆಲಸ ಆಗುವುದೇ ಬೇರೆ. ವೈರಸ್ಸನ್ನು ಕೊಲ್ಲುವ ಓಝೋನ್ ನಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಎಷ್ಟು ಹೊತ್ತು, ಎಷ್ಟು ದೂರದಿಂದ, ಯಾವ ಅನಿಲದಲ್ಲಿ, ಪೆಟ್ಟಿಗೆ ಇಲ್ಲದ ಕೋಣೆಗೆ ಹೋಲಿಸಿದರೆ ಎಷ್ಟು ವ್ಯತ್ಯಾಸ ಅನ್ನುವ ಅಂಕಿ ಕೇಳಲೇಬೇಕು.

ಆಸ್ಪತ್ರೆಗೋ ಶಾಲೆಗೋ ನಮ್ಮ ತೆರಿಗೆ ಹಣದಲ್ಲಿ ಇಂಥ ಯಂತ್ರ ಕೊಳ್ಳುವ ಮಾತು ಬಂದಾಗ ಲ್ಯಾಂಗ್‌ಮ್ಯೂರ್ ಅವರ ಎರಡೂ ಪಾಠ ನೆನಪಿರಲಿ. ತಣ್ಣನೆಯ ಪ್ಲಾಸ್ಮಾ ಸುಳ್ಳಲ್ಲ, ಅದರ ಹಿಂದೆ ಗಟ್ಟಿ ಭೌತಶಾಸ್ತ್ರವಿದೆ. ಹಾಗಂತ ಮಾರುವವರ ಮಾತೆಲ್ಲ ನಿಜ ಆಗುವುದಿಲ್ಲ. ನೊಬೆಲ್ ಪಡೆದವರೇ ತಮ್ಮ ಮೋಡಗಳ ವಿಷಯದಲ್ಲಿ ಮೋಸಹೋದರು. ನಾವು ಇನ್ನಷ್ಟು ಹುಷಾರಾಗಿರಬೇಕು.